ಬ್ರೆಡ್ಡಿಗೊಂದು ಕುಡ್ತೆ ಕಳ್ಳು

ನಾನು ಮೊದಲ ಸಲ ಬೇಯಿಸಿದ ಬ್ರೆಡ್ಡನ್ನು ನಮ್ಮ ನಾಯಿ ಮೂಸಿ ನೋಡಿ, ನನ್ನ ಮುಖವನ್ನೂ ಒಮ್ಮೆ ನೋಡಿ, ದನದ ಹಟ್ಟಿಯ ಹಿಂದೆ ಹೋಗಿ ಮಲಗಿತು. ನಗುವವರು ನಗಿ. ನನಗೆ ಆ ದಿನ ನಗು ಬಂದಿರಲಿಲ್ಲ. ಹಸಿದ ನಾಯಿಗೂ ಬೇಡವಾದದ್ದನ್ನು ಗಂಡನಿಗೆ ತಿನ್ನಿಸಿ ಬದುಕಿಸುತ್ತೇನೆಂದು ಡಾಕ್ಟರಿಗೆ ಮಾತು ಕೊಟ್ಟು ಕೂತವಳು ನಾನು.

ಅದು ನಲವತ್ತೊಂಬತ್ತನೇ ಇಸವಿ. ನಮ್ಮ ಮನೆ ಬಂದ್ಯೋಡು ಪೇಟೆಯಿಂದ ಅರ್ಧ ಮೈಲು ಒಳಗೆ. ನನ್ನ ಗಂಡ ಬೋಜ ಎತ್ತಿನ ಗಾಡಿಯಲ್ಲಿ ಉಪ್ಪಳ ಸ್ಟೇಶನ್ನಿಗೆ ತೆಂಗಿನಕಾಯಿ ಹೇರುತ್ತಿದ್ದರು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ನಾನು ಹೇಳದೆ ಇದ್ದ ಕಾಲದಲ್ಲೇ ಇವರು ಇಪ್ಪತ್ತೆರಡು ದಿನ ವಿಷಮ ಜ್ವರದಲ್ಲಿ ಮಲಗಿದ್ದರು, ಮತ್ತೆ ಇನ್ನೆಂತ ಹೆದರುವುದು!

ಜ್ವರ ಇಳಿದ ದಿನ ಕುಂಬಳೆಯಿಂದ ಡಾಕ್ಟರು ಈಶ್ವರಪ್ರಸಾದರು ಸೈಕಲ್ಲಿನಲ್ಲಿ ಬಂದರು. ಹೊಟ್ಟೆ ಒತ್ತಿ ನೋಡಿ, ಕೈ ತೊಳೆದು, ನಮ್ಮೆಲ್ಲರನ್ನೂ ಚಾವಡಿಗೆ ಕರೆದರು.

"ಜ್ವರ ಹೋಯಿತು ಅಂತ ಹಬ್ಬ ಮಾಡಬೇಡಿ. ಕರುಳಿನೊಳಗೆ ಹುಣ್ಣು ಹಸಿ ಉಂಟು. ಇನ್ನು ಮೂರು ವಾರ ಅನ್ನ ಇಲ್ಲ, ಗಂಜಿ ಇಲ್ಲ. ಹಾಲು, ಬಾರ್ಲಿ ನೀರು. ನಾಲ್ಕು ದಿನ ಕಳೆದ ಮೇಲೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ತಿರುಳು. ಗಟ್ಟಿ ವಸ್ತು ಎಂತದೂ ಒಳಗೆ ಹೋಗಬಾರದು. ಹೋದರೆ ಕರುಳು ತೂತಾದೀತು. ಆಮೇಲೆ ನನ್ನನ್ನು ಕರೆದು ಪ್ರಯೋಜನ ಇಲ್ಲ."

"ಬ್ರೆಡ್ಡಾ?" ಅಂದರು ನನ್ನ ಅತ್ತೆ ಅಮ್ಮಣಿ. ಅವರ ಮುಖ ಬಾಡಿತು. "ಅದು ಸಾಯುವವರಿಗೆ ಕೊಡುವುದಲ್ಲವಾ ಡಾಕ್ಟ್ರೇ?"

"ಬದುಕುವವರಿಗೆ ಕೊಡುವುದು ಅಮ್ಮ."

"ಎಲ್ಲಿಂದ ತರುವುದು?" ಅಂತ ಮಾವ ಕೇಳಿದರು. ಪ್ರಶ್ನೆ ಸರಿಯಾಗಿತ್ತು. ಬಂದ್ಯೋಡಿನಲ್ಲಿ ಬ್ರೆಡ್ಡು ಸುಡುತ್ತಿದ್ದ ಕುಂಞಣ್ಣನ ಒಲೆ ಆರಿ ವರ್ಷವಾಗಿತ್ತು. ಮಂಗಳೂರಿನಿಂದ ರೈಲಿನಲ್ಲಿ ತರಿಸಿದರೆ ಎರಡನೇ ದಿನಕ್ಕೆ ಬೂಸಲು. ದಿನಾ ಹೋಗಿ ತರುವವರು ಯಾರು? ಹೋಗುವ ಗಂಡಸು ಹಾಸಿಗೆಯಲ್ಲಿದ್ದ.

"ನಾನು ಮಾಡುತ್ತೇನೆ," ಅಂದೆ.

ಯಾಕೆ ಅಂದೆನೋ ದೇವರಿಗೇ ಗೊತ್ತು. ಬ್ರೆಡ್ಡನ್ನು ನಾನು ಜನ್ಮದಲ್ಲಿ ಎರಡು ಸಲ ಕಂಡಿದ್ದೆ. ಒಂದು ಸಲ ತಿಂದಿದ್ದೆ. ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಮೆತ್ತಗೆ ಆಗಬೇಕು, ಗೊತ್ತುಂಟಾ? ಹತ್ತಿಯ ಹಾಗೆ," ಅಂದರು. ನಾನು ತಲೆಯಾಡಿಸಿದೆ.

ಮರುದಿನ ಕುಂಞಣ್ಣನ ಮನೆಗೆ ಹೋದೆ. ಅವರು ಪಯ್ಯನ್ನೂರು ಕಡೆಯವರು, ಕೊಡಗಿನ ತೋಟದ ದೊರೆಯ ಕುಶಿನಿಯಲ್ಲಿ ಅಡಿಗೆ ಕಲಿತವರು. ಈಗ ಬೀಡಿ ಕಟ್ಟುತ್ತಿದ್ದರು.

"ರೇಶನ್ನಿನ ಗೋಧಿ ಉಂಟಲ್ಲ, ಅದನ್ನೇ ತೊಳೆದು ಒಣಗಿಸು. ಬೀಸು. ತೆಳು ಬಟ್ಟೆಯಲ್ಲಿ ಮೂರು ಸಲ ಜಾಳಿಸು. ಉಪ್ಪು, ಚೂರು ಬೆಲ್ಲ. ಸೇರು ಹಿಟ್ಟಿಗೆ ಒಂದು ಕುಡ್ತೆ ಕಳ್ಳು, ಸಣ್ಣ ಲೋಟದಷ್ಟು. ನಾದಿ, ಮುಚ್ಚಿ, ಬೆಚ್ಚಗೆ ಇಡು. ಎರಡು ಪಾಲು ಏಳುತ್ತದೆ. ನಿಮ್ಮಲ್ಲಿ ಕೆಂಡದಡ್ಯೆ ಅಂತ ಅಕ್ಕಿಹಿಟ್ಟನ್ನು ಕೆಂಡದ ನಡುವೆ ಬೇಯಿಸುವುದಿಲ್ಲವಾ, ಅದೇ ಕ್ರಮ. ಕೆಳಗೆ ಹೊಳೆಬದಿಯ ಹೊಯಿಗೆ ಕಾಯಿಸಿ, ಮೇಲೆ ಮುಚ್ಚಳದಲ್ಲಿ ತೆಂಗಿನ ಚಿಪ್ಪಿನ ಕೆಂಡ. ನಡುವೆ ಮುಚ್ಚಳ ತೆಗೆದು ಇಣುಕಬೇಡ."

"ಕಳ್ಳು ಇಲ್ಲದೆ ಆಗುವುದಿಲ್ಲವಾ?"

"ಆಗುವುದಾದರೆ ನಾನು ಯಾಕೆ ಬೀಡಿ ಕಟ್ಟಿಕೊಂಡು ಕೂರುತ್ತಿದ್ದೆ ಮಾರಾಯ್ತಿ? ಸರಕಾರ ಕಳ್ಳು ನಿಲ್ಲಿಸಿತು, ನನ್ನ ಒಲೆ ಆರಿತು."

ಇಲ್ಲಿ ನಮ್ಮ ಮನೆಯ ವಿಷಯ ಒಂದು ಹೇಳಬೇಕು. ನನ್ನ ಮಾವ ಹೊನ್ನಯ್ಯ ಮೂರ್ತೆಯವರು, ಅಂದರೆ ಮರ ಹತ್ತಿ ಕಳ್ಳು ಇಳಿಸುವ ಕಸುಬಿನವರು. ಮಂಗಲ್ಪಾಡಿಯಲ್ಲೆಲ್ಲಾ ಅವರ ಕೈಯ ಕಳ್ಳಿಗೆ ಹೆಸರಿತ್ತು. ಅವರೂ ಕುಡಿಯುತ್ತಿದ್ದರು, ಹಿರಿಮಗ ಮಂಜನಿಗೂ ಕುಡಿಸಿ ಕಲಿಸಿದರು. ನಾನು ಮದುವೆಯಾಗಿ ಬರುವ ಮೊದಲೇ, ಒಂದು ಮಧ್ಯಾಹ್ನ ಮಂಜಣ್ಣ ಮರದ ತಲೆಯಲ್ಲೇ ಕುಡಿದು ಕೈಬಿಟ್ಟರು. ಕೆಳಗೆ ನಿಂತಿದ್ದವರು ಮಾವ.

ಮಂಜಣ್ಣನ ಹೆಂಡತಿ ದಮಯಂತಿ ಅಕ್ಕನಿಗೆ ಆಗ ಹತ್ತೊಂಬತ್ತು. ಮಕ್ಕಳಿರಲಿಲ್ಲ. ನಾವು ಅಳಿಯಕಟ್ಟಿನವರು, ತಾಯಿಯ ಕಡೆಯಿಂದ ವಂಶ ಹಿಡಿಯುವವರು, ಗಂಡ ಸತ್ತ ಹೆಂಗಸು ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ ಹುಟ್ಟಿದ ಮನೆಗೆ ಹೋಗುವುದೇ ಕ್ರಮ. ಆದರೆ ಅವಳ ಅಣ್ಣ ಮಧೂರಿನ ಹತ್ತಿರ ಕಳ್ಳಿನ ಗಡಂಗು ಇಟ್ಟುಕೊಂಡಿದ್ದ. "ಅಲ್ಲಿಗೆ ಹೋಗಿ ಅದೇ ವಾಸನೆಯಲ್ಲಿ ಹೇಗೆ ಬದುಕಲಿ?" ಅಂತ ಅವಳು ಅತ್ತಾಗ ಮಾವ ದೀಪದ ಎದುರು ನಿಂತು ಮಾತು ಕೊಟ್ಟರಂತೆ. "ಇನ್ನು ಈ ಮನೆಗೆ ಒಂದು ಹನಿ ಕಳ್ಳು ಬರಲಿಕ್ಕಿಲ್ಲ. ಬಂದ ದಿನ ನೀನು ಹೋಗು, ನಾನು ತಡೆಯುವುದಿಲ್ಲ. ಅಲ್ಲಿವರೆಗೆ ನೀನು ನನ್ನ ಮಗಳು." ಒಂಬತ್ತು ವರ್ಷ ಮಾವ ಮರ ಹತ್ತಲಿಲ್ಲ, ಬಾಯಿಗೆ ಹನಿ ಹಾಕಲಿಲ್ಲ. ಅವರಿವರ ಬೇಲಿ ಕಟ್ಟಿದರು, ತೆಂಗಿನ ಗರಿಯ ಮಡಲು ಹೆಣೆದರು. ಸರಕಾರದ ಪಾನನಿರೋಧ ಬಂದದ್ದು ಮೊನ್ನೆ ಮೊನ್ನೆ. ನಮ್ಮ ಮನೆಯಲ್ಲಿ ಅದು ಯಾವತ್ತೋ ಬಂದಿತ್ತು.

ಆ ದಿನ ಊಟಕ್ಕೆ ಕೂತಾಗ ನಾನು ವಿಷಯ ತೆಗೆದೆ. ಮಾವನ ಕೈ ಬಟ್ಟಲಿನಲ್ಲೇ ನಿಂತಿತು.

"ಕಳ್ಳಿನ ಹೆಸರು ಈ ಮನೆಯಲ್ಲಿ ಎತ್ತಬೇಡ."

"ಕುಡಿಯಲಿಕ್ಕಲ್ಲ ಮಾವ, ಹಿಟ್ಟಿಗೆ. ಒಂದು ಕುಡ್ತೆ."

"ಒಂದು ಕುಡ್ತೆಯೂ ಕಳ್ಳೇ."

"ಹಾಗಾದರೆ ಮಗ ಹಸಿದು ಸಾಯಲಿ ಅಂತಲಾ?" ಅತ್ತೆ ಸಿಡಿದರು. "ಒಬ್ಬನನ್ನು ಮರಕ್ಕೆ ಕೊಟ್ಟಾಯಿತು, ಇನ್ನೊಬ್ಬನನ್ನು ಮಾತಿಗೆ ಕೊಡುತ್ತೀರಾ?"

ಅಕ್ಕ ಒಲೆಯ ಪಕ್ಕ ಗಂಜಿ ಉಣ್ಣುತ್ತಿದ್ದಳು. ಅರ್ಧಕ್ಕೇ ಎದ್ದು ಬಟ್ಟಲು ತೊಳೆಯಲು ಹೊರಗೆ ಹೋದಳು. ಆಮೇಲೆ ಯಾರೂ ಸರಿಯಾಗಿ ಉಣ್ಣಲಿಲ್ಲ.

ಉಪಾಯ ಹುಡುಕಿದವರು ಅತ್ತೆ. ಕಿಟ್ಟಣ್ಣ ಅನ್ನುವವರಿಗೆ ಕಳ್ಳು ಕಾಯಿಸಿ ಓಲೆಬೆಲ್ಲ ಮಾಡಲಿಕ್ಕೆ ಸರಕಾರದ ಪರವಾನಗಿ ಇತ್ತು. ಅದಕ್ಕೆ ಇಳಿಸುವುದು ಸೀ ಕಳ್ಳು, ಸಿಹಿಯಾಗಿಯೇ ಉಳಿಯುವಂಥದ್ದು. ಮಡಕೆಯ ಒಳಗೆ ಸುಣ್ಣ ಬಳಿದು ಕಟ್ಟುತ್ತಾರೆ, ಹಾಗಾಗಿ ಅದು ಹುಳಿಯಾಗುವುದಿಲ್ಲ, ತಲೆಗೆ ಏರುವುದೂ ಇಲ್ಲ. ಮಕ್ಕಳೂ ಕುಡಿಯುತ್ತಾರೆ.

"ಅದು ಕಳ್ಳೇ ಅಲ್ಲ, ಬೆಲ್ಲದ ನೀರು. ಅದರಿಂದ ಮಾಡಲಿ," ಅಂದರು ಅತ್ತೆ.

ನಾನು ಮಾವನ ಮುಖ ನೋಡಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, "ದಮಯಂತಿಯನ್ನು ಕೇಳಿ," ಅಂದರು.

ಕೇಳಿದಾಗ ಅಕ್ಕ, "ಸುಣ್ಣದ್ದಾದರೆ ಆಗಬಹುದು," ಅಂದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಲ್ಲರಿಗೂ ಸಮಾಧಾನವಾಯಿತು. ನನಗೂ ಆಯಿತು.

ಗೋಧಿ ಬೀಸಿದ್ದು ನಾನು ಮತ್ತು ಅಕ್ಕ. ಎದುರುಬದುರು ಕೂತು ಒಂದೇ ಗೂಟ ಹಿಡಿದು ತಿರುಗಿಸಿದೆವು. ಜಾಳಿಸಲಿಕ್ಕೆ ಅವಳು ತನ್ನ ಒಂದು ಹಳೆಯ ಮಲ್ ಸೀರೆಯ ಸೆರಗು ಹರಿದು ಕೊಟ್ಟಳು. ನನಗೆ ಆ ಮನೆಯಲ್ಲಿ ಸಂಕಟ ಹೇಳಿಕೊಳ್ಳಲಿಕ್ಕೆ ಇದ್ದವಳು ಅವಳೊಬ್ಬಳೇ. ನನ್ನ ಎರಡು ಬಸಿರು ಇಳಿದುಹೋದಾಗಲೂ ಹಗಲಿರುಳು ನನ್ನ ಹತ್ತಿರ ಕೂತವಳು ಅವಳು, ಅತ್ತೆಯಲ್ಲ.

"ಗೂಟ ಯಾಕೆ ಇಷ್ಟು ಬಿಗಿ ಹಿಡಿದಿದ್ದೀ?" ಅಂತ ಕೇಳಿದಳು.

"ಹೆದರಿಕೆ ಅಕ್ಕ. ಇದೇನು ಪತ್ರೊಡೆಯಾ, ಕೆಟ್ಟರೆ ನಾಳೆ ಮಾಡುವ ಅನ್ನಲಿಕ್ಕೆ?"

ಮೊದಲ ಹಿಟ್ಟು ಬೆಳಗ್ಗೆ ಇಟ್ಟಲ್ಲೇ ಮಧ್ಯಾಹ್ನದವರೆಗೂ ಇತ್ತು, ಮದುವೆ ಮನೆಯಲ್ಲಿ ಮುನಿಸಿಕೊಂಡು ಕೂತ ನೆಂಟನ ಹಾಗೆ. ಏಳಲೇ ಇಲ್ಲ. ಬೇಯಿಸಿದರೆ ಏಳಬಹುದು ಅಂದುಕೊಂಡು ಕೆಂಡಕ್ಕಿಟ್ಟೆ. ಇಣುಕಬೇಡ ಅಂದಿದ್ದರು, ನಾನು ಮೂರು ಸಲ ಇಣುಕಿದೆ. ಹೊರಗೆ ತೆಗೆದಾಗ ಕಪ್ಪು ಕಲ್ಲು. ನಾಯಿಯ ಕಥೆ ಹೇಳಿದೆನಲ್ಲ, ಅದು ಇದೇ.

ಹಾಸಿಗೆಯಿಂದ ಇವರು ಕೈ ಚಾಚಿ ಅದನ್ನು ತಟ್ಟಿ ನೋಡಿದರು. ಟಕ್ ಟಕ್ ಅಂತು.

"ಇಡು ಮಾರಾಯ್ತಿ, ಹಟ್ಟಿಯ ಗೋಡೆ ಬಿದ್ದರೆ ಬೇಕಾದೀತು," ಅಂದರು. ನಕ್ಕರು. ನಗುವಾಗ ಪಕ್ಕೆಲುಬು ಲೆಕ್ಕ ಮಾಡಬಹುದಿತ್ತು. ನಾನು ಅಡಿಗೆಕೋಣೆಗೆ ಹೋಗಿ ಅತ್ತುಬಿಟ್ಟೆ.

ಎರಡನೇ ಸಲ, ಕಳ್ಳು ಕಡಿಮೆಯಾಯಿತೋ ಏನೋ ಅಂತ ಎರಡು ಕುಡ್ತೆ ಸುರಿದೆ. ಮತ್ತೂ ಗಟ್ಟಿ. ಮೂರನೇ ಸಲ ಬಿಸಿಲಿಗಿಟ್ಟೆ, ಒಲೆಯ ಪಕ್ಕ ಇಟ್ಟೆ, ಕಂಬಳಿ ಹೊದೆಸಿದೆ, ದೈವ ಕೊರಗಜ್ಜನಿಗೆ ಚಕ್ಕುಲಿಯ ಹರಕೆ ಹೇಳಿಕೊಂಡೆ. ಇಲ್ಲ. ಮನೆಯ ಪಾಲಿನ ಗೋಧಿ ಮುಗಿಯುತ್ತಾ ಬಂತು. ಜಗಲಿಯಲ್ಲಿ ಮಡಲು ಹೆಣೆಯುತ್ತಿದ್ದ ಮಾವ ನಾನು ನಾದುವುದನ್ನೂ, ಕಾಯುವುದನ್ನೂ, ಬಿಸಾಡುವುದನ್ನೂ ನೋಡುತ್ತಿದ್ದರು. ಒಂದು ಮಾತು ಆಡಲಿಲ್ಲ.

ಇವರ ಹಸಿವೆ ದಿನದಿಂದ ದಿನಕ್ಕೆ ಹೆಚ್ಚಿತು. ಜ್ವರ ಬಿಟ್ಟ ಮೈಗೆ ಬರುವ ಹಸಿವೆ ಅಂದರೆ ಸಾಮಾನ್ಯವಲ್ಲ. ಮೂವತ್ತು ವರ್ಷದ ಗಂಡಸು ಮಗುವಿನ ಹಾಗೆ ಅಳುತ್ತಿದ್ದರು. "ಒಂದು ತುತ್ತು ಗಂಜಿ ಅಮ್ಮಾ, ಒಣಮೀನಿನ ಚಟ್ನಿ ಹಾಕಿ ಒಂದೇ ತುತ್ತು. ಆಮೇಲೆ ಸಾಯುತ್ತೇನೆ ಬೇಕಾದರೆ."

"ಹೆತ್ತವಳು ನಾನು, ಇದನ್ನು ಹೇಗೆ ಕೇಳಲಿ?" ಅಂತ ಅತ್ತೆ ನನ್ನ ಮೇಲೆ ಹಾರಿದರು. "ಮಾಡುತ್ತೇನೆ ಅಂತ ದೊಡ್ಡ ಬಾಯಿ ಮಾಡಿದವಳು ನೀನು. ಎಲ್ಲಿ ನಿನ್ನ ಬ್ರೆಡ್ಡು?"

"ನಾಳೆ ಮಾಡುತ್ತೇನೆ."

"ನಾಳೆ ಅವನು ಇರಬೇಕಲ್ಲ."

ನಾನು ತೋಡಿಗೆ ಬಟ್ಟೆ ಒಗೆಯಲು ಹೋದ ಸಮಯ ನೋಡಿ ಅತ್ತೆ ಒಂದು ಬಟ್ಟಲು ಕುಚ್ಚಿಲಕ್ಕಿ ಗಂಜಿ ಉಣ್ಣಿಸಿಬಿಟ್ಟರು. ನಾನು ಬರುವಾಗ ಇವರು ಬಾಯಿ ಒರೆಸಿಕೊಂಡು ಸಂತೋಷದಲ್ಲಿ ಮಲಗಿದ್ದರು. ಸಂಜೆಗೆ ಹೊಟ್ಟೆನೋವು, ಮರುದಿನ ನೂರಮೂರು ಜ್ವರ. ಡಾಕ್ಟರು ಬಂದು ಅತ್ತೆಯನ್ನು ಎಲ್ಲರ ಎದುರು ಬೈದರು.

"ಈ ಸಲ ಕರುಳು ತೂತಾಗಲಿಲ್ಲ, ನಿಮ್ಮ ಪುಣ್ಯ. ಇನ್ನೊಮ್ಮೆ ಅಕ್ಕಿಕಾಳು ಒಳಗೆ ಹೋದರೆ ನೀವೇ ಕೊಂದ ಹಾಗೆ. ಬ್ರೆಡ್ಡು ಏನಾಯಿತು?"

ಅತ್ತೆ ಆ ದಿನ ಮೂಲೆಯಲ್ಲಿ ಮುಸುಕು ಹಾಕಿ ಮಲಗಿದವರು ನೀರೂ ಕುಡಿಯಲಿಲ್ಲ. ಅವರ ಮೇಲೆ ಸಿಟ್ಟು ಮಾಡಲಿಕ್ಕೂ ನನ್ನಿಂದ ಆಗಲಿಲ್ಲ.

ಐದು ದಿನಕ್ಕೆ ಆ ಜ್ವರವೂ ಇಳಿಯಿತು. ಹಸಿವೆ ತಿರುಗಿ ಬಂತು. ನಾನು ಮೂರನೇ ಸಲದ ಬ್ರೆಡ್ಡಿನ ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಕುಂಞಣ್ಣನ ಹತ್ತಿರ ಓಡಿದೆ. ಅವರು ಅದನ್ನು ಮುರಿಯಲು ನೋಡಿದರು, ಮೂಸಿದರು, ನಾಲಗೆಗೆ ತಾಗಿಸಿ ತುಪ್ಪಿದರು.

"ಕಳ್ಳು ಎಲ್ಲಿಂದ?"

"ಕಿಟ್ಟಣ್ಣನದ್ದು. ಸೀ ಕಳ್ಳು."

"ಅಯ್ಯೋ ಹೆಣ್ಣೇ! ಸುಣ್ಣ ಬಿದ್ದ ಕಳ್ಳು ಹುಳಿ ಬರುವುದಿಲ್ಲ. ಹುಳಿ ಬಾರದ್ದರಲ್ಲಿ ಹಿಟ್ಟು ನೂರು ವರ್ಷ ಇಟ್ಟರೂ ಏಳುವುದಿಲ್ಲ. ಹೊನ್ನಯ್ಯಣ್ಣನ ಸೊಸೆಗೆ ಇದನ್ನು ನಾನು ಹೇಳಿಕೊಡಬೇಕಾ? ಅವರಿಗೆ ಗೊತ್ತಿಲ್ಲದ ಕಳ್ಳುಂಟಾ?"

ಆ ಮಾತು ನನ್ನ ತಲೆಗೆ ಹೊಡೆಯಿತು. ನನ್ನ ತವರಿನವರು ಗದ್ದೆ ಕೆಲಸದವರು, ನನಗೆ ಸುಣ್ಣ ಗೊತ್ತಿಲ್ಲ. ಅತ್ತೆಗೆ ಬೆಲ್ಲ ಗೊತ್ತು, ಬ್ರೆಡ್ಡು ಗೊತ್ತಿಲ್ಲ. ಆದರೆ ಮಾವ? ನಾನು ಮನೆಗೆ ನಡೆದು ಬಂದದ್ದಲ್ಲ, ಹಾರಿ ಬಂದದ್ದು. ಮಾವ ಜಗಲಿಯಲ್ಲೇ ಇದ್ದರು. ಆ ತುಂಡನ್ನು ಅವರ ಕಾಲ ಬುಡಕ್ಕೆ ಎಸೆದೆ. ಮಾವನ ಎದುರು ಸ್ವರ ಎತ್ತಿದ್ದು ಅದೇ ಮೊದಲು.

"ಸುಣ್ಣದ್ದರಲ್ಲಿ ಇದು ಏಳುವುದಿಲ್ಲ ಅಂತ ನಿಮಗೆ ಗೊತ್ತಿತ್ತಾ?"

ಅವರು ಮಡಲಿನಿಂದ ಕಣ್ಣು ಎತ್ತಲಿಲ್ಲ. "ಗೊತ್ತಿತ್ತು."

"ಮೂರು ಸಲ ನಾನು ಬೇಯಿಸಿ ಬಿಸಾಡುವುದನ್ನು ನೋಡಿಕೊಂಡು ಕೂತಿದ್ದಿರಿ! ಒಳಗೆ ಮಲಗಿದವರು ನಿಮಗೆ ಮಗ ಅಲ್ಲವಾ?"

"ಮಗನೇ."

"ಮತ್ತೆ ಬಾಯಿ ಯಾಕೆ ಬಿಡಲಿಲ್ಲ?"

"ಬಾಯಿ ಬಿಟ್ಟರೆ ಹುಳಿ ಕಳ್ಳು ತರಬೇಕಾಗುತ್ತದೆ. ತಂದರೆ ಅವಳು ಹೋಗುತ್ತಾಳೆ," ಅಂದರು. ಹೆಣೆಯುತ್ತಿದ್ದ ಮಡಲನ್ನು ಬದಿಗಿಟ್ಟರು. "ಒಬ್ಬ ಮಗನನ್ನು ನಾನೇ ಕುಡಿಸಿ ಕೊಂದೆ ಲೋಲಾಕ್ಷಿ. ಅವಳಿಗೆ ಕೊಡಲಿಕ್ಕೆ ನನ್ನಲ್ಲಿದ್ದದ್ದು ಆ ಮಾತು ಮಾತ್ರ. ಅದನ್ನು ನಾನು ಮುರಿಯಲಾರೆ. ಬೇಕಾದರೆ ನೀನು ಅವಳನ್ನೇ ಕೇಳು."

ಅಕ್ಕ ಹಟ್ಟಿಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಜಗಲಿಯ ಮಾತು ಪೂರಾ ಕೇಳಿಸಿಕೊಂಡಿದ್ದಳು. ನಾನು ಹೋಗಿ ಎದುರು ನಿಂತೆ.

"ಕೇಳಬೇಡ," ಅಂದಳು.

"ಕೇಳದೆ ಇರಲಿಕ್ಕೆ ಆಗುವುದಿಲ್ಲ ಅಕ್ಕ."

"ನನ್ನ ಗಂಡ ಬಿದ್ದಾಗ ಯಾರೂ ಯಾರನ್ನೂ ಕೇಳಲಿಲ್ಲ. ಹೊತ್ತು ತಂದು ಅಂಗಳದಲ್ಲಿ ಮಲಗಿಸಿದರು. ಬಾಯಿಂದ ಅದೇ ವಾಸನೆ. ಸತ್ತ ಮುಖಕ್ಕೆ ಮುಖ ಇಟ್ಟು ಅಳಲಿಕ್ಕೂ ನನ್ನಿಂದ ಆಗಲಿಲ್ಲ ಲೋಲಾಕ್ಷಿ, ಅಷ್ಟು ವಾಸನೆ." ಅವಳು ಹುಲ್ಲಿನ ಸೂಡಿಯನ್ನು ನೆಲಕ್ಕೆ ಹಾಕಿದಳು. "ಈಗ ನಿನ್ನ ಗಂಡ ಬದುಕಬೇಕಾದರೆ ಅದೇ ಬರಬೇಕು. ಎಂತ ನ್ಯಾಯ ಇದು?"

"ನ್ಯಾಯ ಅಲ್ಲ," ಅಂದೆ. "ಆದರೂ ಕೇಳುತ್ತೇನೆ. ಕಾಲು ಹಿಡಿಯುತ್ತೇನೆ."

ಬಗ್ಗಿದ ನನ್ನನ್ನು ತೋಳು ಹಿಡಿದು ಎತ್ತಿದಳು. ಹಸುವಿನ ಬೆನ್ನು ಸವರುತ್ತಾ ಹೇಳಿದಳು.

"ನಾನೇ ತರುತ್ತೇನೆ. ನೀನು ಒಂದು ಕುಡ್ತೆ ಅಳೆದು ತೆಗೆ. ಉಳಿದದ್ದನ್ನು ಆ ಕೂಡಲೇ ಹಟ್ಟಿಯ ಗೊಬ್ಬರದ ಗುಂಡಿಗೆ ಚೆಲ್ಲಬೇಕು. ಒಂದು ಹನಿ ಉಳಿಯಬಾರದು. ಹಾಗಿದ್ದರೆ ನಾನು ಮನೆ ಬಿಟ್ಟು ಹೋಗುವುದಿಲ್ಲ. ಮಾವನಿಗೂ ಹೇಳುತ್ತೇನೆ."

ಕಿಟ್ಟಣ್ಣ ಮೊದಲು ಒಪ್ಪಲಿಲ್ಲವಂತೆ. ಸುಣ್ಣ ಬಳಿಯದ ಮಡಕೆ ಸಿಕ್ಕಿಬಿದ್ದರೆ ಪರವಾನಗಿ ಹೋಗುತ್ತದೆ, ಜೈಲೂ ಆದೀತು. ಕೇಳಿದವಳು ಮಂಜನ ಹೆಂಡತಿ ಅಂತ ತಿಳಿದ ಮೇಲೆ ಮಾತಿಲ್ಲದೆ ಒಂದು ಸಣ್ಣ ಮಡಕೆ ಬೇರೆ ಕಟ್ಟಿದರು. ಅಕ್ಕ ಅದನ್ನು ಬುಟ್ಟಿಯಲ್ಲಿಟ್ಟು ಮೇಲೆ ಹರಿವೆ ಸೊಪ್ಪು ಮುಚ್ಚಿ, ಹಾಡುಹಗಲು ಬಂದ್ಯೋಡು ಪೇಟೆಯ ನಡುವಿನಿಂದ ತಲೆಯ ಮೇಲೆ ಹೊತ್ತು ತಂದಳು. ಮನೆಗೆ ಬಂದು ಬುಟ್ಟಿ ಇಳಿಸಿದವಳೇ ಬಾವಿಕಟ್ಟೆಗೆ ಹೋಗಿ ವಾಂತಿ ಮಾಡಿದಳು.

ಆ ದಿನ ಹಿಟ್ಟು ಎದ್ದಿತು. ಬಟ್ಟೆ ತೆಗೆದು ನೋಡಿದರೆ ಪಾತ್ರೆ ತುಂಬಾ ಉಬ್ಬಿ ನಿಂತಿದೆ. ನಾನು ಹೆದರಿ "ಅತ್ತೇ, ಬನ್ನಿ!" ಅಂತ ಕೂಗಿದೆ. ಅತ್ತೆ ಬೆರಳಿನಲ್ಲಿ ಒತ್ತಿದರು, ಅದು ತಗ್ಗಿ ಮತ್ತೆ ಮೇಲೆ ಬಂತು. "ದೇವರೇ, ಜೀವ ಉಂಟು ಇದಕ್ಕೆ," ಅಂದರು. ಕೆಂಡಕ್ಕಿಟ್ಟು ಈ ಸಲ ನಾನು ಕೈ ಕಟ್ಟಿ ಕೂತೆ. ಇಣುಕಲಿಲ್ಲ. ಸ್ವಲ್ಪ ಹೊತ್ತಿಗೆ ಅಂಗಳದವರೆಗೂ ಒಂದು ಪರಿಮಳ. ಒಂದು ಬದಿ ಕರಟಿಹೋಗಿತ್ತು, ಮೇಲೆ ಬಿರುಕು ಬಿಟ್ಟಿತ್ತು, ಆದರೆ ಒಳಗೆ ಬಿಳಿ, ಮೆತ್ತಗೆ. ಹಾಲಿನಲ್ಲಿ ಅದ್ದಿ ಇವರ ಬಾಯಿಗೆ ಇಟ್ಟೆ.

"ಸಪ್ಪೆ," ಅಂದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಇನ್ನೊಂದು ಕೊಡು."

ಎರಡು ದಿನಕ್ಕೊಮ್ಮೆ ಬ್ರೆಡ್ಡಾಯಿತು. ಪ್ರತಿ ಸಲವೂ ಅಕ್ಕ ತರುವುದು, ನಾನು ಕುಡ್ತೆಯಲ್ಲಿ ಅಳೆಯುವುದು, ಅವಳೇ ಉಳಿದದ್ದನ್ನು ಚೆಲ್ಲಿ ಮಡಕೆಯನ್ನು ಬೂದಿ ಹಾಕಿ ತೊಳೆಯುವುದು. ಆ ಹೊತ್ತಿಗೆ ಸರಿಯಾಗಿ ಮಾವ ಬೇಲಿಯ ಕೆಲಸ ಅಂತ ಹೊರಗೆ ಹೋಗುತ್ತಿದ್ದರು. ಇವರ ಕೆನ್ನೆ ತುಂಬಿತು. ಎದ್ದು ಕೂತರು. ಗೋಡೆ ಹಿಡಿದು ಜಗಲಿಗೆ ಬಂದರು. ಡಾಕ್ಟರು ಒಂದು ತುಂಡು ಬ್ರೆಡ್ಡು ಬಾಯಿಗೆ ಹಾಕಿಕೊಂಡು, "ಪಾಸು!" ಅಂದರು. ನನಗೆ ಆಗ ಬಂದ ಸೊಕ್ಕು ಹೇಳಿ ಪ್ರಯೋಜನವಿಲ್ಲ. ಆ ಸೊಕ್ಕೇ ನನ್ನನ್ನು ಹಾಳು ಮಾಡಿದ್ದು.

ಅನ್ನ ಕೊಡಲಿಕ್ಕೆ ಇನ್ನು ಒಂದೇ ವಾರ ಇತ್ತು. ಅಕ್ಕ ಬೆಳಗ್ಗೆ ಮಡಕೆ ತಂದಿಟ್ಟು, "ಇವತ್ತು ನನಗೆ ಶೆಟ್ಟರ ಗದ್ದೆಯಲ್ಲಿ ಕೊಯ್ಲು ಉಂಟು, ಹೊತ್ತಾಯಿತು. ಉಳಿದದ್ದನ್ನು ನೀನೇ ಚೆಲ್ಲು. ಮರೆಯಬೇಡ," ಅಂದಳು.

"ಮರೆಯುವುದುಂಟಾ ಅಕ್ಕ? ಹೋಗು ನೀನು."

ನಾದಿ ಇಟ್ಟೆ. ಆಗಲೇ ಪಕ್ಕದ ಮನೆಯ ತುಂಗಾ ಬಂದು, ತನ್ನ ಮಗುವಿಗೂ ಜ್ವರ ಬಿಟ್ಟಿದೆ, ಡಾಕ್ಟರು ಬ್ರೆಡ್ಡು ಹೇಳಿದ್ದಾರೆ, ಹೇಗೆ ಮಾಡುವುದು ಅಂತ ಕೇಳಿದಳು. ನಾನು ಕಲಿತವಳಲ್ಲವಾ! ಅವಳ ಮನೆಗೇ ಹೋಗಿ, ಗೋಧಿ ಹೇಗೆ ಒಣಗಿಸಬೇಕು, ಹೇಗೆ ಜಾಳಿಸಬೇಕು, ಎಷ್ಟು ಕೆಂಡ ಅಂತ ದೊಡ್ಡ ಮೇಸ್ಟ್ರ ಹಾಗೆ ಉಪದೇಶ ಕೊಟ್ಟೆ. ಬಂದು ಬ್ರೆಡ್ಡು ಬೇಯಿಸಿದೆ. ಇವರಿಗೆ ಕೊಟ್ಟೆ. ಮಡಕೆ ಅಡಿಗೆಕೋಣೆಯ ಮೂಲೆಯಲ್ಲಿ ಮುಚ್ಚಿದಲ್ಲೇ ಇತ್ತು. ಮಧ್ಯಾಹ್ನದ ಸೆಕೆಗೆ ಅದು ಹುಳಿಯೇರುತ್ತಾ ಕೂತಿತ್ತು. ನನಗೆ ನೆನಪೇ ಇಲ್ಲ.

ಇಳಿಹೊತ್ತಿನಲ್ಲಿ ಅತ್ತೆ ಕೂಗಿದರು. "ಲೋಲಾಕ್ಷೀ, ಇವರನ್ನು ನೋಡು!"

ಮಾವ ಅಂಗಳದ ತುದಿಯಲ್ಲಿ ಮರದ ಬುಡಕ್ಕೆ ಒರಗಿ ಕೂತಿದ್ದರು. ಮಡಕೆ ಪಕ್ಕದಲ್ಲಿ ಉರುಳಿತ್ತು. ತಲೆ ಎತ್ತಿ ಮರದ ತುದಿಯನ್ನು ನೋಡುತ್ತಾ, "ಇಳಿಯಾ ಮಗಾ, ಸಾಕು ಇಳಿ. ಮಂಜಾ, ಮೆಲ್ಲ ಇಳಿ," ಅನ್ನುತ್ತಿದ್ದರು. ಎಷ್ಟು ಪ್ರೀತಿಯಲ್ಲಿ ಅನ್ನುತ್ತಿದ್ದರೆಂದರೆ ನಾನೂ ಮರದ ತುದಿಯತ್ತ ನೋಡಿದೆ.

ಕತ್ತಿ ಹಿಡಿದು, ಮೈಯೆಲ್ಲಾ ಭತ್ತದ ಧೂಳಿನಲ್ಲಿ ಅಕ್ಕ ಅದೇ ಹೊತ್ತಿಗೆ ಬೇಲಿ ದಾಟಿ ಬಂದಳು.

ಮಾವ ಅವಳನ್ನು ನೋಡಿದರು. ಅಮಲು ಅರ್ಧ ಇಳಿದ ಹಾಗೆ ಕಂಡಿತು.

"ಬೋಜ ಉಳಿದ, ಮಗಳೇ," ಅಂದರು. "ಆ ಸಂತೋಷಕ್ಕೆ ಒಂದು ಗುಟುಕು. ಆಮೇಲೆ ಚೆಲ್ಲಲಿಕ್ಕೆ ಮನಸ್ಸು ಬರಲಿಲ್ಲ."

ಅವಳು ಉರುಳಿದ ಮಡಕೆಯನ್ನು ನೆಟ್ಟಗೆ ಇಟ್ಟಳು. ನನ್ನ ಕಡೆ ತಿರುಗಿ, "ಚೆಲ್ಲಲಿಲ್ಲವಾ?" ಅಂತ ಮಾತ್ರ ಕೇಳಿದಳು. ನನ್ನ ಕೆನ್ನೆಗೆ ಎರಡು ಕೊಟ್ಟಿದ್ದರೆ ಸುಖವಾಗುತ್ತಿತ್ತು. ಅವಳು ಬಾವಿಕಟ್ಟೆಗೆ ಹೋಗಿ ಕೈಕಾಲು ತೊಳೆದು, ಹಸುವಿನ ಹಾಲು ಕರೆದು, ಎಲ್ಲರಿಗೂ ಗಂಜಿ ಬಡಿಸಿದಳು. ಬೆಳಗ್ಗೆ ಬಟ್ಟೆಯ ಗಂಟು ಕಟ್ಟಿದಳು.

"ಅತ್ತಿಗೇ, ನನ್ನ ಸಲುವಾಗಿ ನಿಲ್ಲಿ," ಅಂತ ಇವರು ಬಾಗಿಲಿಗೆ ಅಡ್ಡ ನಿಂತರು. ನಿಲ್ಲಲಿಕ್ಕೆ ಶಕ್ತಿ ಇಲ್ಲದೆ ಚೌಕಟ್ಟು ಹಿಡಿದಿದ್ದರು.

"ನಿನ್ನ ಸಲುವಾಗಿಯೇ ತಂದದ್ದು ಬೋಜ. ನಿನ್ನ ಮೇಲೆ ಸಿಟ್ಟಿಲ್ಲ. ಹೋಗಿ ಮಲಗು."

ಮಾವ ಹಟ್ಟಿಯಿಂದ ಹೊರಗೆ ಬರಲೇ ಇಲ್ಲ. ಹೋದರೆ ತಡೆಯುವುದಿಲ್ಲ ಅಂತ ಅವರೇ ಹೇಳಿದ್ದಲ್ಲವಾ, ಆ ಒಂದು ಮಾತನ್ನು ಮಾತ್ರ ಸರಿಯಾಗಿ ನಡೆಸಿದರು.

ಮುಂದಿನ ವಾರ ಡಾಕ್ಟರು ಅನ್ನಕ್ಕೆ ಅಪ್ಪಣೆ ಕೊಟ್ಟರು. ಇವರು ಎರಡು ಸಲ ಬಡಿಸಿಕೊಂಡು ಉಂಡರು. ಅತ್ತೆ ಎದುರು ಕೂತು ನೋಡುತ್ತಾ ಅತ್ತರು. ಮಾವ ಆಗ ಮನೆಯಲ್ಲಿರಲಿಲ್ಲ, ಕಿಟ್ಟಣ್ಣನ ಮರದ ಬುಡದ ದಾರಿ ಮತ್ತೆ ಹಿಡಿದಿದ್ದರು. ಪಾನನಿರೋಧವಂತೆ! ಕುಡಿಯಬೇಕು ಅನ್ನುವವನಿಗೆ ಯಾವ ಸರಕಾರ ಅಡ್ಡ ಬರುತ್ತದೆ?

ತಡೆಯಲಾರದೆ ಹದಿನೈದು ದಿನ ಕಳೆದು ನಾನು ಬಸ್ಸು ಹಿಡಿದು, ಆಮೇಲೆ ನಡೆದು ಮಧೂರಿಗೆ ಹೋದೆ. ಅವಳ ಅಣ್ಣನ ಗಡಂಗು ಈಗ ಚಹಾದಂಗಡಿಯಾಗಿತ್ತು. ಅಕ್ಕ ಹಿಂದುಗಡೆ ಕೂತು ಉದ್ದು ಅರೆಯುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ನೀರು ಬೆಲ್ಲ ಕೊಟ್ಟಳು.

"ಬೋಜ ಅನ್ನ ಉಣ್ಣುತ್ತಾನಾ?"

"ಉಣ್ಣುತ್ತಾರೆ ಅಕ್ಕ. ನಿನ್ನೆ ಗಾಡಿ ಕಟ್ಟಿದರು."

"ಮಾವ?"

"ಈಗ ಕುಡಿಯುವುದಿಲ್ಲ. ಅವತ್ತು ಒಂದು ದಿನ ಮಾತ್ರ," ಅಂದೆ.

"ಸುಳ್ಳು ಹೇಳಲಿಕ್ಕೆ ನಿನಗೆ ಬರುವುದಿಲ್ಲ, ಬಿಡು," ಅಂದಳು. ಸಿಟ್ಟಿರಲಿಲ್ಲ. ನಾನು ಅಲ್ಲೇ ಕುಸಿದು ಕೂತು, ತಪ್ಪು ನನ್ನದು, ಬೈದುಬಿಡು, ಹೊಡೆದುಬಿಡು, ಆದರೆ ಬಾ ಅಂತ ಅತ್ತುಬಿಟ್ಟೆ. ನನ್ನ ಅಳು ಮುಗಿಯುವವರೆಗೂ ಅವಳು ಕಾದಳು.

"ಒಂದು ಕೇಳುತ್ತೇನೆ, ಹೌದಾದ್ದು ಹೇಳು. ಬೋಜನಿಗೆ ಇನ್ನೊಮ್ಮೆ ಹಾಗೇ ಬಂದರೆ ನೀನು ಪುನಃ ನನ್ನನ್ನು ಕೇಳುತ್ತೀಯಾ?"

ನಾನು ಅವಳ ಮುಖ ನೋಡಿದೆ. ಇಲ್ಲ ಅನ್ನಬೇಕು ಅಂತ ಬಾಯಿ ತೆರೆದೆ.

"ಕೇಳುತ್ತೇನೆ ಅಕ್ಕ."

"ಕೇಳಬೇಕು," ಅಂದಳು. "ನಾನು ತಂದೂ ಕೊಡುತ್ತೇನೆ. ಆದರೆ ಆ ಮನೆಗೆ ಮಾತ್ರ ನನ್ನನ್ನು ಕರೆಯಬೇಡ."

ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿ, ಕಡೆಯ ಬಸ್ಸು ತಪ್ಪುತ್ತದೆ, ಬೇಗ ಹೊರಡು ಅಂದಳು.